ಅಪ್ಪನ ಫ್ಲಾಸ್ಕೂ ಮಗಳ ಪ್ರತಿಜ್ಞೆಯೂ

ನಮ್ಮ ಅಡುಗೆಮನೆಯ ಕಪಾಟಿನ ಮೇಲೆ ಒಂದು ನೀಲಿ ಫ್ಲಾಸ್ಕು ಕೂತಿದೆ. ಸ್ಟೀಲಿನದು, ಮುಚ್ಚಳಕ್ಕೆ ನೇತುಹಾಕಲು ಒಂದು ಕಿವಿ ಇದೆ. ಕೆಲವು ವರ್ಷಗಳ ಹಿಂದೆ ನಾನೇ ಇಲ್ಲಿ ದೋಹಾದ ಮುಶೈರಿಬ್ ಪೇಟೆಯ ಅಂಗಡಿಯೊಂದರಲ್ಲಿ ಆರಿಸಿ, ಊರಿಗೆ ಒಯ್ದು ಅಪ್ಪನಿಗೆ ಕೊಟ್ಟದ್ದು. ಕಳೆದ ವಾರ ಅದು ಊರಿಂದ ಬಂದ ಪರಿಚಯದವರ ಸೂಟ್‌ಕೇಸಿನಲ್ಲಿ ಮಲಗಿಕೊಂಡು ದೋಹಾಕ್ಕೆ ಮರಳಿ ಬಂತು. ಖಾಲಿ ಜಾಗವನ್ನು ಖಾಲಿ ಬಿಡುವ ಜನ್ಮ ನನ್ನ ಅಮ್ಮನದ್ದಲ್ಲ. ಫ್ಲಾಸ್ಕಿನೊಳಗೆ ಒಣ ಸಿಗಡಿ ಚಟ್ನಿಪುಡಿಯನ್ನು ಕುತ್ತಿಗೆಯ ತನಕ ತುಂಬಿ ಕಳಿಸಿದ್ದಳು. ಪುಡಿ ಬೇಗ ಮುಗಿಯಿತು, ವಾಸನೆ ಮುಗಿಯಲಿಲ್ಲ. ಸೋಡಾಪುಡಿ, ಲಿಂಬೆಸಿಪ್ಪೆ, ಕುದಿಯುವ ನೀರು ಎಲ್ಲವೂ ಸೋತವು. ಮಗಳು ಮುಚ್ಚಳ ತೆಗೆದು ಮೂಸಿ, “ಪಪ್ಪಾ, ಇದನ್ನು ಸ್ಕೂಲಿಗೆ ಕೊಂಡುಹೋದ್ರೆ ಬಸ್ಸಿನವರು ನನ್ನನ್ನು ಅರ್ಧ ದಾರಿಯಲ್ಲಿ ಇಳಿಸ್ತಾರೆ” ಎಂದಳು. ಹಾಗಾಗಿ ಅದು ಅಲ್ಲೇ ಕೂತಿದೆ. ನೀರು ಕುಡಿಯಲು ನಿಂತಾಗೆಲ್ಲ ಕಣ್ಣಿಗೆ ಬೀಳುತ್ತದೆ, ಲೋಟವನ್ನು ಅರ್ಧಕ್ಕೇ ಕೆಳಗಿಡುತ್ತೇನೆ.

ಫ್ಲಾಸ್ಕು ನೋಡಿ ನೀರನ್ನು ಅರ್ಧಕ್ಕೇ ಬಿಡುವ ಗಂಡಸೂ ಇದ್ದಾನೆಯೇ ಎಂದು ನೀವು ನಗಬಹುದು. ನಗಿ, ಬೇಸರವಿಲ್ಲ. ಈ ಫ್ಲಾಸ್ಕಿಗೂ ನನ್ನ ಮಗಳು ಆದ್ಯಾಳ ಶಾಲೆಯ ಪ್ರತಿಜ್ಞೆಗೂ ಸಂಬಂಧವಿದೆ ಎಂದರೆ ಇನ್ನಷ್ಟು ನಗುತ್ತೀರಿ. ಆದರೆ ಇದೆ. ಅದನ್ನು ಹೇಳಲು ನಾನು ಮೊದಲು ಊರಿನ ಎರಡು ಬಾವಿಗಳ ಹತ್ತಿರ ಹೋಗಿ ಬರಬೇಕು.

ನಮ್ಮದು ಉಡುಪಿಯ ಹತ್ತಿರದ ಮಲ್ಲಿಗೆ ಬೆಳೆಯುವ ಊರು. ಅಪ್ಪ ಮತ್ತು ಅವರ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಅಕ್ಕಪಕ್ಕದ ಮನೆಗಳಲ್ಲಿದ್ದರು. ಬಾವಿ ಮಾತ್ರ ಒಂದೇ, ಅದೂ ದೊಡ್ಡಪ್ಪನ ಪಾಲಿನ ಜಾಗದಲ್ಲಿ. ನಾನಿನ್ನೂ ಶಾಲೆಗೆ ಸೇರದ ಕಾಲದ ಒಂದು ಬೇಸಗೆಯಲ್ಲಿ ಬಾವಿಯ ತಳ ಕಾಣತೊಡಗಿತಂತೆ. ಅಪ್ಪ ತಮ್ಮ ಮಲ್ಲಿಗೆ ಗಿಡಗಳಿಗೆ ಸ್ವಲ್ಪ ಹೆಚ್ಚು ಹೊತ್ತು ಪಂಪು ಓಡಿಸಿದರು. ದೊಡ್ಡಪ್ಪ ಅಂಗಳಕ್ಕೆ ಬಂದು, “ನನ್ನ ಗಿಡ ಸಾಯ್ಲಿ, ನಿನ್ನದು ಬದುಕ್ಲಿ, ಅಲ್ವಾ? ಇನ್ನೊಬ್ಬರ ನೀರಿನಲ್ಲಿ ಬದುಕ್ಲಿಕ್ಕೆ ನಾಚಿಕೆ ಆಗುದಿಲ್ವಾ ನಿಂಗೆ?” ಎಂದರು. ಅಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. “ಇನ್ನು ನಿನ್ನ ಮನೆಯ ಒಂದು ತೊಟ್ಟು ನೀರು ನನ್ನ ಗಂಟಲಲ್ಲಿ ಇಳಿದ್ರೆ ಜುಮಾದಿಯಾಣೆ” ಎಂದುಬಿಟ್ಟರು.

ಜುಮಾದಿ ನಮ್ಮ ಕುಟುಂಬದ ದೈವ. ನಮ್ಮ ಕಡೆ ದೈವದ ಹೆಸರಿನಲ್ಲಿ ಒಂದು ಮಾತು ಆಡಿದರೆ ಅದನ್ನು ಆಡಿದವನೇ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಜಗಳವಾಡಿದ ಇಬ್ಬರೂ ಒಟ್ಟಿಗೆ ದೈವದ ಸ್ಥಾನಕ್ಕೆ ಹೋಗಿ, ತಪ್ಪುಕಾಣಿಕೆ ಇಟ್ಟು, ಎದುರುಬದುರು ನಿಂತು ಆಣೆ ಬಿಡಿಸಿಕೊಳ್ಳಬೇಕು. ಅಲ್ಲಿಯ ತನಕ ಆ ಮಾತು ಜೀವಂತ. ಅಪ್ಪ ಮರುವರ್ಷವೇ ತಮ್ಮ ಜಾಗದಲ್ಲಿ ಬೇರೆ ಬಾವಿ ತೋಡಿಸಿದರು. ಎರಡು ಬಾವಿಗಳ ನಡುವೆ ಒಂದು ಹಲಸಿನ ಮರದ ಅಂತರ. ಕೆಳಗೆ ಓಡುವ ಒರತೆ ಒಂದೇ ಎಂದು ಊರಿಗೆಲ್ಲ ಗೊತ್ತು.

ತಮಾಷೆಯೆಂದರೆ, ಸಿಟ್ಟು ಮಳೆಗಾಲಕ್ಕೆ ಮುಂಚೆಯೇ ಇಳಿದಿತ್ತು. ಅಣ್ಣತಮ್ಮ ಮತ್ತೆ ಮಾತಾಡಿದರು, ಒಟ್ಟಿಗೆ ಮದುವೆ ಮುಂಜಿಗೆ ಹೋದರು, ಸಂಜೆ ದೊಡ್ಡಪ್ಪನ ಜಗಲಿಯಲ್ಲಿ ಕೂತು ಹೂವಿನ ದರ ಇಳಿದದ್ದಕ್ಕೆ ಒಟ್ಟಿಗೆ ಬೈದರು. ಆಣೆ ಮಾತ್ರ ಹಾಗೇ ಉಳಿಯಿತು. ಸ್ಥಾನಕ್ಕೆ ಹೋಗುವ ಎಂದು ಮೊದಲು ಹೇಳಬೇಕಾದವರು ಯಾರು? ತಮ್ಮ ಹೇಳಲಿ ಎಂದು ಅಣ್ಣ, ದೊಡ್ಡವನು ಹೇಳಲಿ ಎಂದು ತಮ್ಮ. ಹೀಗೆ ಅಪ್ಪ ಅಣ್ಣನ ಮನೆಗೆ ಹೋಗುವಾಗ ಕೈಯಲ್ಲಿ ನಮ್ಮ ಬಾವಿಯ ನೀರು ಹೋಗುತ್ತಿತ್ತು. ಮೊದಮೊದಲು ಚೆಂಬಿನಲ್ಲಿ, ಆಮೇಲೆ ಪ್ಲಾಸ್ಟಿಕ್ ಬಾಟಲಿಯಲ್ಲಿ, ಕೊನೆಗೆ ನನ್ನ ನೀಲಿ ಫ್ಲಾಸ್ಕಿನಲ್ಲಿ. ದೊಡ್ಡಪ್ಪ ಚಹಾ ಕುಡಿಯುವಾಗ ಅಪ್ಪ ಫ್ಲಾಸ್ಕಿನಿಂದ ಗುಟುಕರಿಸುವರು. ಅಲ್ಲಿ ಅನ್ನ ಉಣ್ಣುವಂತಿಲ್ಲ, ಆ ನೀರಿನಲ್ಲಿ ಬೆಂದದ್ದು. ಬಾಳೆಹಣ್ಣು ಅಡ್ಡಿಯಿಲ್ಲ.

“ಆ ಬಾಳೆಗೆ ನೀರು ಹಾಕಿದ್ದು ಯಾವ ಬಾವಿಯಿಂದ ಮಾರಾಯ?” ಎಂದು ದೊಡ್ಡಪ್ಪ ಕೆಣಕುತ್ತಿದ್ದರು.

“ಅದು ಬಾಳೆ ಕುಡಿದದ್ದು, ನಾನಲ್ಲ” ಎಂದು ಅಪ್ಪ ಸಿಪ್ಪೆ ಸುಲಿಯುತ್ತಿದ್ದರು. ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ಈಗ ನೆನೆದರೆ ಆ ನಗುವಿನಲ್ಲಿ ನನಗೆ ಏನೂ ರುಚಿ ಉಳಿದಿಲ್ಲ.

ಆಣೆ ಎಂದರೆ ಅಷ್ಟು ಭಾರದ ಮನೆಯಲ್ಲಿ ಬೆಳೆದ ನಾನು ಬಂದು ಬಿದ್ದದ್ದು ಎಲ್ಲಿಗೆ? ಬಾಯಿ ತೆರೆದರೆ ‘ವಲ್ಲಾ’ ಎನ್ನುವ ದೋಹಾಕ್ಕೆ. ದೇವರಾಣೆ ಎಂದೇ ಅದರ ಅರ್ಥ. ಇಲ್ಲಿ ಎಸಿ ರಿಪೇರಿಯವನು ‘ವಲ್ಲಾ, ನಾಳೆ ಖಲಾಸ್’ ಎನ್ನುತ್ತಾನೆ, ನಾಳೆ ಬರುವುದಿಲ್ಲ. ಅವನು ಅರಬನೂ ಅಲ್ಲ, ಹೆಚ್ಚಾಗಿ ನಮ್ಮ ಕಾಸರಗೋಡಿನ ಆಚೆಯವನೇ. ಅವನನ್ನು ಬೈಯಲು ನನಗೇನು ಹಕ್ಕು? ನಾನು ವೆಸ್ಟ್ ಬೇಯ ಒಂದು ಆಫೀಸಿನಲ್ಲಿ ಕೂತು ರಾಸ್ ಲಫಾನಿನ ಗ್ಯಾಸ್ ಸ್ಥಾವರಕ್ಕೆ ಹೋಗುವ ಕೆಲಸಗಾರರ ಗೇಟ್ ಪಾಸ್ ಮಾಡಿಸುವವನು. ಫೋನಿನಲ್ಲಿ ಸೂಪರ್‌ವೈಸರ್ ಕಿರುಚಿದಾಗ ನನ್ನ ಬಾಯಿಂದಲೂ ‘ವಲ್ಲಾ, ಪಾಸ್ ರೆಡಿ’ ಎಂದು ಬರುತ್ತದೆ, ಪಾಸು ಇನ್ನೂ ಹುಟ್ಟಿರುವುದಿಲ್ಲ. ಅರಬ್ಬಿಯಲ್ಲಿ ಹೇಳಿದ್ದು ಜುಮಾದಿಗೆ ಅರ್ಥವಾಗಲಿಕ್ಕಿಲ್ಲ ಎಂಬ ಧೈರ್ಯ ಇರಬೇಕು.

ಈ ವರ್ಷ ಮಾರ್ಚಿನ ಕೊನೆಗೆ, ಮಗಳ ಪರೀಕ್ಷೆ ಮುಗಿಯುವ ಹೊತ್ತಿಗೆ, ದೊಡ್ಡಪ್ಪ ತೀರಿಕೊಂಡರು. ನಾವು ಮೂವರೂ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಊರಿಗೆ ಹೋದೆವು. ಕೆಂಡದಂತಹ ಬಿಸಿಲು. ದೊಡ್ಡಪ್ಪನ ಅಂಗಳದ ಚಪ್ಪರದ ಕೆಳಗೆ ಅಪ್ಪ ಬೆಳಗಿನಿಂದ ಒಂದೇ ಕುರ್ಚಿಯಲ್ಲಿ ಕೂತಿದ್ದರು, ಕಾಲ ಬುಡದಲ್ಲಿ ಫ್ಲಾಸ್ಕು. ಬಂದವರನ್ನೆಲ್ಲ ಮಾತಾಡಿಸಿದರು, ಎಲೆ ಹಾಕಿಸಿದರು, ತಾವು ಉಣ್ಣಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಫ್ಲಾಸ್ಕು ಬರಿದಾಗಿತ್ತು. ಮನೆಗೆ ಹೋಗಿ ತುಂಬಿಸಿಕೊಂಡು ಬರುವುದು ದೊಡ್ಡ ಮಾತಲ್ಲ. ಆದರೆ ಅಣ್ಣನ ಬೊಜ್ಜದ ದಿನ ಆ ಅಂಗಳ ಬಿಟ್ಟು ಕದಲಲು ಅವರಿಗೆ ಮನಸ್ಸಾಗಲಿಲ್ಲ. ತುಟಿ ಒಣಗಿ ಬಿಳಿಯಾಗಿತ್ತು. ಅದನ್ನು ನಾವು ದೊಡ್ಡವರು ಯಾರೂ ನೋಡಲಿಲ್ಲ, ಆದ್ಯಾ ನೋಡಿದಳು. ಒಳಗೆ ಓಡಿ, ದೊಡ್ಡಮ್ಮನ ಹತ್ತಿರ ಒಂದು ಲೋಟ ನೀರು ಕೇಳಿ, ಎರಡೂ ಕೈಯಲ್ಲಿ ಹಿಡಿದುಕೊಂಡು, ಚೆಲ್ಲದ ಹಾಗೆ ಮೆಲ್ಲ ನಡೆದು ಬಂದು ಅಜ್ಜನ ಎದುರು ಚಾಚಿದಳು.

 ಅಪ್ಪ ಲೋಟವನ್ನು ನೋಡಿದರು. ಬಹಳ ಹೊತ್ತು ನೋಡಿದರು. “ಬೇಡ ಮಗಾ” ಎಂದರು. ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದರು.

ಮರಳುವಾಗ ವಿಮಾನದಲ್ಲಿ ಮಗಳು ಕೇಳಿಯೇ ಕೇಳಿದಳು. ನಾನು ಬಾವಿಯ ಜಗಳ, ಆಣೆ, ಬಿಡಿಸಿಕೊಳ್ಳುವ ಕ್ರಮ ಎಲ್ಲ ಹೇಳಿದೆ. ಹೆಂಡತಿ ವೀಣಾ ಕಣ್ಣಲ್ಲೇ ಬೇಡವೆಂದರೂ ನಿಲ್ಲಿಸಲಿಲ್ಲ. ಕಥೆ ಹೇಳುವ ಚಪಲ ನನ್ನದು, ನಿಮಗೇ ಕಾಣುತ್ತಿದೆಯಲ್ಲ.

“ಈಗ ದೊಡ್ಡಜ್ಜ ಇಲ್ವಲ್ಲ. ಹಾಗಾದ್ರೆ ಯಾರು ಬಿಡಿಸುದು?” ಎಂದಳು.

“ಯಾರೂ ಇಲ್ಲ” ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು.

ಅಂದಿನಿಂದ ಅವಳಿಗೆ ಒಂದು ಅಭ್ಯಾಸ ಹತ್ತಿತು. ಶುಕ್ರವಾರ ಬೀಚಿಗೆ ಹೋಗುವ ಎಂದು ನಾನು ಹೇಳಿದರೆ, “ದೇವರಾಣೆ?” ಎಂದು ಮುಖ ನೋಡುವಳು. ನಾನು, “ಹಾಗೆಲ್ಲ ಕೇಳಬಾರ್ದು. ಹೋಗುವ ಅಂದ್ರೆ ಹೋಗುವ” ಎಂದು ನುಣುಚಿಕೊಳ್ಳುವೆ. ನುಣುಚಿಕೊಂಡ ವೇಗ ನೋಡಿಯೇ ಅವಳಿಗೆ ಗೊತ್ತಾಗುತ್ತಿತ್ತು, ಈ ಶುಕ್ರವಾರ ಬೀಚು ಇಲ್ಲ ಎಂದು. ಅವಳ ಮುಂದೆ ನನ್ನ ಸುಳ್ಳು ನಡೆಯದ ಕಾಲ ಅದು. ಕಿರಿಕಿರಿಯಾಗುತ್ತಿತ್ತು. ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಏಪ್ರಿಲಿನಲ್ಲಿ ಶಾಲೆ ತೆರೆಯಿತು, ಹೊಸ ಪ್ರಿನ್ಸಿಪಾಲರು ಬಂದರು. ಅದು ಇಲ್ಲಿಯ ಭಾರತೀಯ ಶಾಲೆ. ಬೆಳಗಿನ ಅಸೆಂಬ್ಲಿಯಲ್ಲಿ ಮೊದಲು ಈ ದೇಶದ ರಾಷ್ಟ್ರಗೀತೆ, ಆಮೇಲೆ ನಮ್ಮದು, ಕೊನೆಗೆ ನಾವೂ ನೀವೂ ಸಣ್ಣವರಿದ್ದಾಗ ಹೇಳಿದ ಅದೇ ಪ್ರತಿಜ್ಞೆ. ನಿಮಗೆ ನೆನಪಿರಬೇಕು, ಬಲಗೈ ಮುಂದೆ ಚಾಚಿ ಹೇಳುವುದು. ನನಗೆ ನೆನಪಿರುವುದು ಕೈನೋವು ಮಾತ್ರ. ಅರ್ಧದಲ್ಲಿ ಕೈ ಮೆಲ್ಲ ಇಳಿದು ಎದುರಿನವನ ತಲೆಯ ಮೇಲೆ ವಿಶ್ರಾಂತಿ ಪಡೆಯುತ್ತಿತ್ತು, ಅವನ ಕೈ ಅವನೆದುರಿನವನ ತಲೆಯ ಮೇಲೆ. ಬಾಯಿ ಅದರಷ್ಟಕ್ಕೆ ಅದು ದೇಶವನ್ನು ಪ್ರೀತಿಸುತ್ತಿತ್ತು, ಹಿರಿಯರನ್ನು ಗೌರವಿಸುತ್ತಿತ್ತು. ಮನಸ್ಸು ಮೂರನೆಯ ಪಿರಿಯಡ್ಡಿನ ಲೆಕ್ಕದ ಮೇಷ್ಟರ ಬೆತ್ತದಲ್ಲಿ ಇರುತ್ತಿತ್ತು. ಅದರಲ್ಲಿ ದೇವರು ಇರಲಿಲ್ಲ. ಇದ್ದಿದ್ದರೆ ಅಪ್ಪ ನನ್ನನ್ನು ಶಾಲೆಯಿಂದಲೇ ಬಿಡಿಸುತ್ತಿದ್ದರೋ ಏನೋ.

ಹೊಸ ಪ್ರಿನ್ಸಿಪಾಲರಿಗೆ ಆ ಕೊರತೆ ಕಂಡಿತು. ದೇವರಿಲ್ಲದ ಪ್ರತಿಜ್ಞೆಗೆ ಬಲವಿಲ್ಲ ಎಂದು, ದೇವರ ಸಾಕ್ಷಿಯಾಗಿ ಇದನ್ನು ಪಾಲಿಸುತ್ತೇನೆ ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲನ್ನು ಕೊನೆಗೆ ಸೇರಿಸಿದರು. ತಂದೆತಾಯಿಯರ ವಾಟ್ಸಾಪ್ ಗುಂಪಿನಲ್ಲಿ ಅರ್ಧ ದಿನ ಗದ್ದಲ ನಡೆಯಿತು. ಒಬ್ಬರು ಯಾರ ದೇವರು ಎಂದು ಕೇಳಿದರು, ಇನ್ನೊಬ್ಬರು ದೇವರನ್ನೇ ನಂಬದವರ ಗತಿಯೇನು ಎಂದರು, ಮತ್ತೊಬ್ಬರು ಇದು ಪರೀಕ್ಷೆಗೆ ಬರುತ್ತದೆಯೇ ಎಂದರು, ಯಾರೋ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸಿದರು. ಅಲ್ಲಿಗೆ ಮುಗಿಯಿತು. ಯಾವ ದೇವರು ಎಂದು ಸಾಲಿನಲ್ಲಿ ಇರಲಿಲ್ಲ, ಅವರವರಿಗೆ ಅವರವರದ್ದು ಎಂದು ಇರಬೇಕು. ನನ್ನ ಮಗಳ ಮಟ್ಟಿಗೆ ಆ ಜಾಗಕ್ಕೆ ಬಂದು ನಿಂತದ್ದು ಜುಮಾದಿ.

ಅವಳಿಗೆ ಈ ವರ್ಷ ಹೌಸ್ ಕ್ಯಾಪ್ಟನ್ ಬ್ಯಾಡ್ಜ್ ಸಿಕ್ಕಿತ್ತು. ಎಷ್ಟು ಆಸೆಪಟ್ಟು ಪಡೆದದ್ದೆಂದರೆ ಮನೆಗೆ ಬಂದ ಮೇಲೂ ತೆಗೆಯುತ್ತಿರಲಿಲ್ಲ. ಮೇ ತಿಂಗಳಲ್ಲಿ ಮೈಕಿನ ಎದುರು ಪ್ರತಿಜ್ಞೆ ಹೇಳಿಸುವ ಸರದಿ ಅವಳದ್ದು ಬಂತು. ಮೂರ್ನಾಲ್ಕು ದಿನದಲ್ಲಿ ನನಗೆ ಶಾಲೆಯಿಂದ ಕರೆ ಬಂತು.

ಕ್ಲಾಸ್ ಟೀಚರು ಲವೀನಾ ನಮ್ಮ ಉಡುಪಿ ಕಡೆಯ ಕ್ರಿಶ್ಚಿಯನ್ನರು. ಕಾರಿಡಾರಿನಲ್ಲಿ ನಿಂತು ತಗ್ಗಿದ ದನಿಯಲ್ಲಿ ಹೇಳಿದರು, “ಎಂತ ಮಾಡುದು ಹೇಳಿ. ಪೂರಾ ಚಂದ ಹೇಳ್ತಾಳೆ. ಆ ಕೊನೆ ಲೈನು ಬರುವಾಗ ಬಾಯಿ ಮುಚ್ಚಿ ನಿಲ್ತಾಳೆ. ಲೀಡ್ ಮಾಡುದೇ ಅವಳಲ್ವಾ, ಅವಳು ನಿಂತ್ರೆ ಇಡೀ ಸ್ಕೂಲು ನಿಲ್ತದೆ. ಪ್ರಿನ್ಸಿಪಾಲ್ ಸರ್ ನನ್ನ ಮುಖ ನೋಡ್ತಾರೆ.”

“ಯಾಕಂತೆ?”

“‘ದೇವರ ಹತ್ರ ಹೇಳುದಲ್ವಾ ಟೀಚರ್, ನಂಗೆ ಗ್ಯಾರಂಟಿ ಇಲ್ಲ’ ಅಂದ್ಳು.” ಟೀಚರು ಪ್ರಿನ್ಸಿಪಾಲರ ಕೋಣೆಯ ಕಡೆ ಒಮ್ಮೆ ನೋಡಿದರು. “ನಿಜ ಹೇಳುದಾದ್ರೆ ನಮ್ಮಲ್ಲೂ ಸುಮ್ಮಸುಮ್ಮನೆ ದೇವರ ಹೆಸರು ತೆಗೀಬಾರ್ದು ಅಂತಲೇ ಉಂಟು. ಆದ್ರೆ ನಾನಿಲ್ಲಿ ಕೆಲಸ ಮಾಡ್ಬೇಕಲ್ಲ ಸರ್. ಭಾನುವಾರ ಹೇಳಿದ್ರೆ ಸರಿ. ಇಲ್ಲದಿದ್ರೆ ಬ್ಯಾಡ್ಜ್ ಬೇರೆ ಮಗುವಿಗೆ ಕೊಡ್ಬೇಕಂತೆ.”

ಮನೆಯಲ್ಲಿ ಮಗಳನ್ನು ಕೂರಿಸಿಕೊಂಡು ಸಮಾಧಾನದಲ್ಲೇ ಕೇಳಿದೆ. ಅವಳು ಬೆರಳು ಮಡಚಿ ಹೇಳಿದಳು. “ಎಲ್ಲರ ಹತ್ರ ಪೊಲೈಟ್ ಆಗಿ ಇರ್ತೇನೆ ಅಂತ ಉಂಟು ಪಪ್ಪಾ. ಬಸ್ಸಿನಲ್ಲಿ ನಾನು ಜಗಳ ಮಾಡ್ತೇನೆ. ನನ್ನ ದೇಶ ಅಂತ ಉಂಟು. ನಾನು ಹುಟ್ಟಿದ್ದೇ ಇಲ್ಲಿ, ಅಲ್ಲಿಗೆ ರಜೆಯಲ್ಲಿ ಮಾತ್ರ ಹೋಗುದು. ಲವ್ ಉಂಟು, ಆದ್ರೆ ಎಷ್ಟು ಅಂತ ಗೊತ್ತಿಲ್ಲ. ಸುಮ್ಮನೆ ಹೇಳ್ಲಿಕ್ಕೆ ಆಗ್ತದೆ. ದೇವರನ್ನು ಕರೆದು ಹೇಳ್ಲಿಕ್ಕೆ ಆಗುದಿಲ್ಲ. ತಪ್ಪಿದ್ರೆ ಬಿಡಿಸುದು ಯಾರು?”

“ಬಾಯಿ ಆಡಿಸು ಸಾಕು, ಶಬ್ದ ಬೇಡ.”

“ನಾನು ಮೈಕಿನಲ್ಲಿ ಪಪ್ಪಾ!” ಎಂದಳು. ಕಣ್ಣು ತುಂಬಿತ್ತು. ಕೈ ಬ್ಯಾಡ್ಜಿನ ಮೇಲೆ ಇತ್ತು. “ಅಜ್ಜ ಹೇಳ್ಲಿ. ಏನೂ ಆಗುದಿಲ್ಲ ಅಂತ ಅಜ್ಜ ಹೇಳಿದ್ರೆ ನಾನು ಹೇಳ್ತೇನೆ.”

ವೀಣಾ ನನ್ನ ಮುಖ ನೋಡಿದಳು. “ಹೇಳಿಸಿ ಈಗ. ಕಥೆ ಹೇಳಿದವರು ನೀವೇ ಅಲ್ವಾ” ಎಂದಳು.

ಶುಕ್ರವಾರ ಬೆಳಿಗ್ಗೆ ಕೆಳಗೆ ಕಾರಿನಲ್ಲಿ ಕೂತು ಅಪ್ಪನಿಗೆ ಫೋನು ಮಾಡಿದೆ. ಎಲ್ಲ ವಿವರಿಸಿ, “ಅದು ಬರೀ ಮಾತು, ಏನೂ ಆಗುದಿಲ್ಲ ಅಂತ ಒಂದು ಸಲ ಹೇಳಿಬಿಡಿ ಅಪ್ಪ. ನನ್ನ ಮಾತು ನಂಬುದಿಲ್ಲ ಅವಳು” ಎಂದೆ.  

“ಬರೀ ಮಾತು ಅಂತ ನಾನು ಹೇಳ್ಬೇಕಾ?” ಎಂದರು ಅಪ್ಪ.

“ಮಗು ಅಲ್ವಾ ಅಪ್ಪ. ಎಷ್ಟು ಆಸೆಪಟ್ಟು ಪಡೆದ ಬ್ಯಾಡ್ಜು.”

“ನಿಂಗೆ ಗೊತ್ತಿಲ್ಲ.” ಅವರ ಸ್ವರ ಒಣಗಿತ್ತು. “ಅಣ್ಣ ಹೋಗುವ ಮೊದಲು ನನ್ನನ್ನು ಕರೆಸಿದ್ದ. ಹಾಸಿಗೆ ಹತ್ರ ಚೆಂಬು ಇಟ್ಟಿದ್ದ. ‘ನಾನು ಆ ಜಗಳ ಬಿಟ್ಟಿದ್ದೇನೆ ತಮ್ಮಾ, ಒಂದು ಗುಟುಕು ಕುಡಿ, ನಾನು ನೋಡ್ಬೇಕು’ ಅಂದ. ನಾನು ಕುಡೀಲಿಲ್ಲ. ನೀನು ಎದ್ದ ಮೇಲೆ ಇಬ್ರೂ ಸ್ಥಾನಕ್ಕೆ ಹೋಗಿ ಬಿಡಿಸಿಕೊಂಡು ಬರುವ, ಮತ್ತೆ ಕುಡೀತೇನೆ ಅಂದೆ. ಅವ ಏಳ್ಲೇ ಇಲ್ಲ. ಈಗ ಅದೆಲ್ಲ ಬರೀ ಮಾತು ಅಂತಾದ್ರೆ ನಾನು ಅವನಿಗೆ ಮಾಡಿದ್ದು ಎಂತ ಮತ್ತೆ?”

 ಬಿಡಿ ಅಪ್ಪ, ಬೇಡ ಎನ್ನಬೇಕಿತ್ತು. ಹೇಳಲು ಬಾಯಿ ತೆರೆಯುವುದರೊಳಗೆ ಅವರೇ, “ಸಂಜೆ ಮಗುವನ್ನು ಕೂರಿಸು. ವಿಡಿಯೋ ಮಾಡು” ಎಂದು ಫೋನು ಇಟ್ಟರು.

ಸಂಜೆ ಆದ್ಯಾ ಬ್ಯಾಡ್ಜ್ ಹಾಕಿಕೊಂಡೇ ಕೂತಳು. ಪರದೆಯಲ್ಲಿ ಅಪ್ಪ ಕ್ಷೌರ ಮಾಡಿಕೊಂಡು, ಒಗೆದ ಅಂಗಿ ತೊಟ್ಟು ಕೂತಿದ್ದರು. ಮದುವೆಮನೆಗೆ ಹೊರಟವರ ಹಾಗೆ.

“ಹೇಳು ಮಗಾ. ಶಾಲೆಯಲ್ಲಿ ಹೇಳುದೆಲ್ಲ ಬರೀ ಮಾತು. ಏನೂ ಆಗುದಿಲ್ಲ.”

“ದೇವರ ಹೆಸರು ಉಂಟು ಅಜ್ಜ.”

“ಇರ್ಲಿ. ದೇವರಿಗೆ ಬೇರೆ ಕೆಲಸ ಇಲ್ವಾ? ಮಕ್ಕಳದ್ದೆಲ್ಲ ಲೆಕ್ಕ ಇಡುದಿಲ್ಲ.”

ಅವಳು ಯೋಚಿಸಿದಳು. ಅವಳು ಯೋಚಿಸುವಾಗ ನನಗೆ ಹೆದರಿಕೆ. “ಹಾಗಾದ್ರೆ ನೀವ್ಯಾಕೆ ಅವತ್ತು ನಾನು ತಂದ ನೀರು ಕುಡೀಲಿಲ್ಲ?”

ಅಪ್ಪ ಪರದೆಯಿಂದ ಕಣ್ಣು ತೆಗೆದು ಬೇರೆ ಎಲ್ಲೋ ನೋಡಿದರು. ಬಹುಶಃ ಕಿಟಕಿಯಾಚೆ, ಹಲಸಿನ ಮರದ ಕಡೆ.

“ಅವತ್ತಾ? ಅವತ್ತು ನಂಗೆ ಬಾಯಾರಿಕೆ ಇರ್ಲಿಲ್ಲ ಮಗಾ.”

ಆದ್ಯಾಳ ಮುಖ ಅರಳಿತು. ಇಷ್ಟೇ ತಾನೇ ಎನ್ನುವ ಹಾಗೆ ನಕ್ಕಳು. ಭಾನುವಾರ ಅಸೆಂಬ್ಲಿಯ ವಿಡಿಯೋವನ್ನು ಲವೀನಾ ಟೀಚರು ಕಳಿಸಿದರು, ಕೆಳಗೆ ಹೆಬ್ಬೆರಳಿನ ಚಿತ್ರ. ಕೊನೆಯ ಸಾಲನ್ನು ಅವಳು ಎಲ್ಲಿಯೂ ತಡೆಯದೆ, ಗಂಟೆ ಹೊಡೆದ ಹಾಗೆ ಹೇಳಿದ್ದಳು. ಹಿಂದೆ ಇಡೀ ಶಾಲೆಯ ಸ್ವರ ಬಂತು. ನಾನು ಅದನ್ನು ಆಫೀಸಿನಲ್ಲಿ ನೋಡಿದೆ. ಪಕ್ಕದ ಮೇಜಿನವರು, “ನಿಮ್ಮ ಮಗಳಾ? ಏನು ಕಾನ್ಫಿಡೆನ್ಸು!” ಎಂದರು. ಹೌದು ಎಂದೆ. ಖುಷಿಯಾಗಬೇಕಿತ್ತು, ಆಗಲಿಲ್ಲ.

ಅನಂತರದ ಶುಕ್ರವಾರಗಳಲ್ಲಿ ಅಪ್ಪ ಫೋನಿಗೆ ಬರುವುದು ಕಡಿಮೆಯಾಯಿತು. ತೋಟದಲ್ಲಿದ್ದಾರೆ, ಮಲಗಿದ್ದಾರೆ ಎಂದು ಅಮ್ಮ ಹೇಳುತ್ತಿದ್ದಳು. ಕಳೆದ ವಾರ ಫ್ಲಾಸ್ಕು ಬಂತಲ್ಲ, ಆಗ ಅಮ್ಮನಿಗೆ ಫೋನು ಮಾಡಿ, “ಇದನ್ನು ಯಾಕೆ ಕಳಿಸಿದ್ದು? ಅಪ್ಪನಿಗೆ ಬೇಡವಾ?” ಎಂದು ಕೇಳಿದೆ. ಅಮ್ಮ ಮೊದಲು ಚಟ್ನಿಪುಡಿಗೆ ಉಪ್ಪು ಸರಿಯಾಗಿತ್ತಾ ಎಂದು ವಿಚಾರಿಸಿದಳು. ಆಮೇಲೆ ಮೆಲ್ಲ ಹೇಳಿದಳು.

“ಆ ವಿಡಿಯೋ ಮಾಡಿದ ದಿನ ಫೋನು ಇಟ್ಟವರೇ ದೊಡ್ಡಮ್ಮನ ಮನೆಗೆ ಹೋದ್ರು. ಕೈಯಲ್ಲಿ ಫ್ಲಾಸ್ಕು ಇಲ್ಲ. ‘ಅತ್ತಿಗೆ, ಒಂದು ಚೆಂಬು ನೀರು ಕೊಡಿ’ ಅಂದ್ರಂತೆ. ಅವರು ಚೆಂಬು ತೊಳೆದು ತುಂಬಿ ತಂದುಕೊಟ್ಟಿದ್ದಾರೆ. ಅದನ್ನು ಹಿಡಿದುಕೊಂಡು ಜಗಲಿಯಲ್ಲಿ ಕೂತ್ರಂತೆ, ನಿಮ್ಮ ದೊಡ್ಡಪ್ಪ ಕೂರುವಲ್ಲೇ. ಬಾಯಿ ತನಕ ಕೊಂಡುಹೋಗುದು, ಇಳಿಸುದು. ಕಪ್ಪಾಗುವ ತನಕ ಹಾಗೇ. ಮತ್ತೆ ಎದ್ದು ಆ ನೀರನ್ನು ಅಂಗಳದ ತುಳಸಿಗೆ ಹಾಕಿ, ಚೆಂಬು ಕವುಚಿಟ್ಟು ಬಂದ್ರು. ಮನೆಗೆ ಬಂದು ಫ್ಲಾಸ್ಕನ್ನು ಮೊಳೆಯಿಂದ ತೆಗೆದು ನನ್ನ ಕೈಗೆ ಕೊಟ್ಟು, ‘ದೋಹಾಕ್ಕೆ ಹೋಗುವವರ ಹತ್ರ ಮಗುವಿಗೆ ಕಳಿಸು, ನಾನು ಇನ್ನು ಆ ಮನೆಗೆ ಹೋಗುದಿಲ್ಲ’ ಅಂದ್ರು.”

 ಅಮ್ಮನೇ ಮುಂದುವರಿಸಿದಳು.

“ಪಾಪ, ಎಷ್ಟು ಬಾಯಾರಿಕೆ ಆಗಿತ್ತೋ ಏನೋ. ಮತ್ತೆ ನಮ್ಮ ಬಾವಿಕಟ್ಟೆಗೆ ಹೋಗಿ, ಕೊಡಪಾನಕ್ಕೇ ಬಾಯಿ ಇಟ್ಟು ಕುಡಿದ್ರು ಮಾರಾಯ. ನಿಲ್ಲಿಸಿದ್ದೇ ಇಲ್ಲ.”

ಫೋನು ಇಟ್ಟು ಅಡುಗೆಮನೆಯಲ್ಲೇ ನಿಂತಿದ್ದೆ. ಆದ್ಯಾ ನೀರು ಕುಡಿಯಲು ಬಂದಳು, ಎದೆಯ ಮೇಲೆ ಬ್ಯಾಡ್ಜ್.

“ಯಾರು ಪಪ್ಪಾ, ಅಜ್ಜಿಯಾ? ಅಜ್ಜ ಹೇಗಿದ್ದಾರಂತೆ?”

“ಚೆನ್ನಾಗಿದ್ದಾರೆ” ಎಂದೆ.

ಅವಳ ಪ್ರಶ್ನೆಗಾಗಿ ಕಾದು ನಿಂತೆ. ಅವಳು ಲೋಟದ ನೀರನ್ನು ಗಟಗಟ ಕುಡಿದು, ತುಟಿ ಒರೆಸಿಕೊಂಡು, “ಓಕೆ” ಎಂದು ತನ್ನ ಕೋಣೆಗೆ ಹೋದಳು. ‘ದೇವರಾಣೆ?’ ಎಂದು ಕೇಳಲಿಲ್ಲ.